ಜೀವದ ಜಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೆ2-18ಬಿ ಎಂಬ ಗ್ರಹದಲ್ಲಿ ಜೀವದ ಸುಳಿವು ಸಿಕ್ಕಿದೆ ಎಂದು 2025ರ ಏಪ್ರಿಲ್‌ನಲ್ಲಿ ದೊಡ್ಡ ಸುದ್ದಿಯಾಯಿತು. ‘ಶೇ. 99.7ರಷ್ಟು ಖಚಿತ’ ಎಂದೂ ಓದಿದ್ದೆ. ಆಮೇಲೆ ಸದ್ದೇ ಇಲ್ಲ. ಏನಾಯಿತು?

ಉತ್ತರ: ಎಡವಟ್ಟು ಇರುವುದೇ ಆ 99.7ರಲ್ಲಿ. ಕೆ2-18ಬಿ ನಮ್ಮಿಂದ 124 ಜ್ಯೋತಿರ್ವರ್ಷ ದೂರದಲ್ಲಿದೆ, ಭೂಮಿಯ 2.6 ಪಟ್ಟು ಅಗಲವಾಗಿದೆ. 33 ದಿನಕ್ಕೊಮ್ಮೆ ತನ್ನ ನಕ್ಷತ್ರದ ಮುಂದೆ ಹಾಯುತ್ತದೆ. ಆಗ ನಕ್ಷತ್ರದ ಬೆಳಕಿನ ಒಂದು ಎಳೆ ಗ್ರಹದ ವಾತಾವರಣದ ಮೂಲಕ ಸೋಸಿಕೊಂಡು ಬರುತ್ತದೆ. ಅಲ್ಲಿನ ಒಂದೊಂದು ಅನಿಲವೂ ತನಗೆ ಒಗ್ಗುವ ತರಂಗಾಂತರವನ್ನು ನುಂಗಿಕೊಳ್ಳುತ್ತದೆ. ಜೇಮ್ಸ್ ವೆಬ್ ದೂರದರ್ಶಕ ಹಿಡಿದ ಈ ರೋಹಿತದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ನೆಂಟ ಡೈಮೀಥೈಲ್ ಡೈಸಲ್ಫೈಡ್‌ನ ಗುರುತು ಕಂಡಿದೆ ಎಂದು ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ ಹೇಳಿತು. ಭೂಮಿಯಲ್ಲಿ ಡೈಮೀಥೈಲ್ ಸಲ್ಫೈಡ್ ಮುಖ್ಯವಾಗಿ ಹುಟ್ಟುವುದು ಕಡಲಿನ ಸೂಕ್ಷ್ಮ ಸಸ್ಯಗಳಿಂದ.

ಶೇ. 99.7 ಎಂಬುದರ ಅರ್ಥ ಇಷ್ಟೆ: ಅಂಥ ಅನಿಲ ಇಲ್ಲದೆಯೂ ಬರೀ ಅಳತೆಯ ಏರುಪೇರಿನಿಂದ ಇಂಥ ಗುರುತು ಮೂಡುವ ಸಂಭವ ಶೇ. 0.3. ಜೀವ ಇರುವ ಸಂಭವ ಎಷ್ಟು ಎಂಬ ಮಾತೇ ಅದರಲ್ಲಿಲ್ಲ. ವಿಜ್ಞಾನಿಗಳು ಇದನ್ನು ‘3 ಸಿಗ್ಮಾ’ ಎನ್ನುತ್ತಾರೆ. ಸಿಗ್ಮಾ ಹೆಚ್ಚಿದಷ್ಟೂ ಆಕಸ್ಮಿಕದ ಸಂಭವ ಕಡಿಮೆ; ಹೊಸದು ಸಿಕ್ಕಿತೆಂದು ಒಪ್ಪಬೇಕಾದರೆ 5 ಸಿಗ್ಮಾ ಬೇಕು. ಬೇರೆ ತಂಡಗಳು ಅದೇ ದತ್ತಾಂಶವನ್ನು ತಮ್ಮ ವಿಧಾನದಲ್ಲಿ ಲೆಕ್ಕ ಹಾಕಿದಾಗ ಗುರುತು ಇನ್ನಷ್ಟು ಮಸುಕಾಯಿತು. ಇನ್ನೊಂದು ತೊಡಕೂ ಇದೆ. ರೊಸೆಟಾ ನೌಕೆ ಸುತ್ತಿದ 67ಪಿ ಧೂಮಕೇತುವಿನಲ್ಲೂ ಡೈಮೀಥೈಲ್ ಸಲ್ಫೈಡ್ ಸಿಕ್ಕಿದೆ. ಪ್ರಯೋಗಾಲಯದಲ್ಲಿ ಅನಿಲಗಳ ಮಿಶ್ರಣಕ್ಕೆ ಅತಿನೇರಳೆ ಬೆಳಕು ಹಾಯಿಸಿದರೂ ಅದು ಹುಟ್ಟುತ್ತದೆ. ಹಾಗಾಗಿ ಅನಿಲ ಇರುವುದು ನಾಳೆ ಖಚಿತವಾದರೂ ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಪ್ರಶ್ನೆ: ಆಮ್ಲಜನಕ ಸಿಕ್ಕರಾದರೂ ಜೀವ ಇದೆ ಎನ್ನಬಹುದಲ್ಲವೇ?

ಉತ್ತರ: ಬರೀ ಆಮ್ಲಜನಕ ಸಾಲದು. ಕೆಂಪು ಕುಬ್ಜಗಳು, ಅಂದರೆ ಸೂರ್ಯನಿಗಿಂತ ಚಿಕ್ಕದಾದ, ತಂಪಾದ ನಕ್ಷತ್ರಗಳು, ಎಳೆಯ ಪ್ರಾಯದಲ್ಲಿ ಬಹಳ ಉಗ್ರ. ಅವುಗಳ ಅತಿನೇರಳೆ ಕಿರಣ ಗ್ರಹದ ನೀರಾವಿಯನ್ನು ಒಡೆಯುತ್ತದೆ. ಹಗುರವಾದ ಜಲಜನಕ ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ, ಭಾರವಾದ ಆಮ್ಲಜನಕ ಹಿಂದೆ ಉಳಿಯುತ್ತದೆ. ಒಂದು ಕ್ರಿಮಿಯೂ ಇಲ್ಲದ ಗ್ರಹ ಹೀಗೆ ಆಮ್ಲಜನಕ ತುಂಬಿಕೊಂಡು ಕೂತಿರಬಹುದು.

ಹುಡುಕಬೇಕಾದ್ದು ಜೋಡಿಯನ್ನು. ಆಮ್ಲಜನಕ ಮತ್ತು ಮೀಥೇನ್ ಒಂದನ್ನೊಂದು ಮುಗಿಸಿಬಿಡುವ ಅನಿಲಗಳು. ನಮ್ಮ ಗಾಳಿಯಲ್ಲಿ ಮೀಥೇನ್ ಬಾಳುವುದು ಸುಮಾರು ಹತ್ತು ವರ್ಷ. ಎರಡೂ ಒಟ್ಟಿಗೆ ಧಾರಾಳವಾಗಿ ಇವೆ ಎಂದರೆ ಏನೋ ಒಂದು ಅವನ್ನು ಎಡೆಬಿಡದೆ ತುಂಬುತ್ತಿದೆ ಎಂದರ್ಥ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ 1990ರ ಡಿಸೆಂಬರ್‌ನಲ್ಲಿ ಭೂಮಿಯ ಪಕ್ಕ ಹಾದುಹೋದಾಗ ಅದರ ಉಪಕರಣಗಳನ್ನು ನಮ್ಮತ್ತಲೇ ತಿರುಗಿಸಿ ಈ ಜೋಡಿಯನ್ನು ಅಳೆದಿದ್ದರು. ಭೂಮಿ ಪಾಸಾಯಿತು! ಆದರೆ ಇದೇ ಪರೀಕ್ಷೆಯನ್ನು 300 ಕೋಟಿ ವರ್ಷದ ಹಿಂದೆ ಮಾಡಿದ್ದರೆ, ಸೂಕ್ಷ್ಮಜೀವಿಗಳಿದ್ದರೂ ಗಾಳಿಯಲ್ಲಿ ಆಮ್ಲಜನಕವಿಲ್ಲದೆ ಭೂಮಿ ನಪಾಸಾಗುತ್ತಿತ್ತು.

ಪ್ರಶ್ನೆ: ನನ್ನ ಬಳಿ ಮೋಟರ್ ಇರುವ ಸ್ಟ್ಯಾಂಡ್, 6 ಇಂಚಿನ ದೂರದರ್ಶಕ, ಕ್ಯಾಮೆರಾ ಇವೆ. ಬೇರೆ ನಕ್ಷತ್ರದ ಗ್ರಹವನ್ನು ನೋಡಬಹುದೇ?

ಉತ್ತರ: ಗ್ರಹ ಕಾಣದು, ಅದು ಅಡ್ಡ ಬಂದಾಗ ನಕ್ಷತ್ರ ಮಂಕಾಗುವುದನ್ನು ಅಳೆಯಬಹುದು. ಭೂಮಿಯಂಥ ಗ್ರಹ ಸೂರ್ಯನಂಥ ನಕ್ಷತ್ರವನ್ನು ಮರೆಮಾಡುವುದು ಶೇ. 0.01ಕ್ಕೂ ಕಡಿಮೆ, ಅದರ ಆಸೆ ಬಿಡಿ. ಎಚ್‌ಡಿ 189733ಬಿ ಎಂಬುದನ್ನು ಆರಿಸಿಕೊಳ್ಳಿ. ಜೀವ ಇರಲಾರದ ಸುಡುವ ಅನಿಲಗೋಳ ಅದು, ಆದರೆ ಕೈಗೆಟುಕುವಂಥದ್ದು. ನಕ್ಷತ್ರದ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ದೊಡ್ಡದಾದಷ್ಟೂ ಮಂಕು) 7.7, ಡಂಬೆಲ್ ನೀಹಾರಿಕೆಯ ಪಕ್ಕದಲ್ಲೇ ಇದೆ. ಗ್ರಹ 2.2 ದಿನಕ್ಕೊಮ್ಮೆ ಹಾಯುತ್ತದೆ; ಬೆಳಕು ಶೇ. 2ಕ್ಕಿಂತ ತುಸು ಹೆಚ್ಚು ಇಳಿದು, ಎರಡು ಗಂಟೆಯೊಳಗೆ ಮತ್ತೆ ಏರುತ್ತದೆ.

ಹಾಯುವ ಹೊತ್ತಿಗೆ ಒಂದು ಗಂಟೆ ಮೊದಲು ಶುರುಮಾಡಿ, ಮುಗಿದ ಮೇಲೂ ಒಂದು ಗಂಟೆ ಮುಂದುವರಿಸಿ. ಹೊಳಪಿನ ನಕ್ಷೆಯ ಗೆರೆಯಲ್ಲಿ ಅಕ್ಕಪಕ್ಕದ ಸಮತಟ್ಟು ಇಲ್ಲದಿದ್ದರೆ ತಗ್ಗು ಎಷ್ಟೆಂದು ಅಳೆಯಲಾಗದು. ಫೋಕಸ್ಸನ್ನು ಬೇಕೆಂದೇ ಸ್ವಲ್ಪ ಕೆಡಿಸಿ. ಬೆಳಕು ಹತ್ತಾರು ಪಿಕ್ಸೆಲ್‌ಗೆ ಹರಡಿದರೆ ಒಂದೇ ಪಿಕ್ಸೆಲ್ ತುಂಬಿ ತುಳುಕುವುದಿಲ್ಲ, ಎಕ್ಸ್‌ಪೋಷರ್ ಉದ್ದ ಮಾಡಬಹುದು, ನಕ್ಷತ್ರದ ಮಿನುಗಾಟವೂ ಸರಾಸರಿಯಲ್ಲಿ ಕರಗುತ್ತದೆ. 16 ಬಿಟ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ತೋರಿಸಬಲ್ಲ ಗರಿಷ್ಠ ಅಂಕಿ 65,535. ನಿಮ್ಮ ನಕ್ಷತ್ರ 30,000ದ ಆಸುಪಾಸು ಇರಲಿ. ಜೆಪೆಗ್ ಬೇಡವೇ ಬೇಡ, ಕಚ್ಚಾ ಚಿತ್ರವನ್ನೇ ಉಳಿಸಿ. ಕಂಪ್ಯೂಟರ್ ಗಡಿಯಾರವನ್ನು ಅಂತರ್ಜಾಲದ ಸಮಯಕ್ಕೆ ಹೊಂದಿಸಿಕೊಳ್ಳಿ.

ಅದೇ ಚಿತ್ರದಲ್ಲಿರುವ, ಹೊಳಪು-ಬಣ್ಣ ಹೊಂದುವ ಎರಡು ಮೂರು ನಕ್ಷತ್ರಗಳ ಜೊತೆ ಹೋಲಿಸಿ ಅಳೆಯಿರಿ. ಆ ನಕ್ಷತ್ರಗಳನ್ನು ತಮ್ಮತಮ್ಮಲ್ಲೇ ಹೋಲಿಸಿದಾಗಲೂ ತಗ್ಗು ಕಂಡರೆ ಅದು ಗ್ರಹವಲ್ಲ, ತೆಳುಮೋಡ. ಫ್ಲ್ಯಾಟ್ ಚಿತ್ರ (ಧೂಳಿನ ನೆರಳನ್ನು ಕಳೆಯಲು ಒಂದೇ ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಚಿತ್ರ) ತೆಗೆಯದವರು ಮೋಸ ಹೋಗುವುದು ಧೂಳಿನಿಂದ: ನಕ್ಷತ್ರ ನಿಧಾನವಾಗಿ ಸರಿದು ಸೆನ್ಸರಿನ ಎದುರಿನ ಧೂಳಿನ ನೆರಳಿಗೆ ಬಂದರೆ ಥೇಟ್ ಗ್ರಹದಂಥದ್ದೇ ತಗ್ಗು. ಭೂಮಿಯ ಅಕ್ಷಕ್ಕೆ ಹೊಂದಿಸಿದ ಈಕ್ವಟೋರಿಯಲ್ ಸ್ಟ್ಯಾಂಡ್, ನಕ್ಷತ್ರ ನೆತ್ತಿಯ ಗೆರೆ ದಾಟುವಾಗ, ದೂರದರ್ಶಕವನ್ನು ಇನ್ನೊಂದು ಬದಿಗೆ ಮಗುಚಿಕೊಂಡರೆ ಗೆರೆಯಲ್ಲಿ ಮೆಟ್ಟಿಲು ಬೀಳುತ್ತದೆ.

ಫಲಿತಾಂಶವನ್ನು ನಾಸಾದ ‘ಎಕ್ಸೋಪ್ಲಾನೆಟ್ ವಾಚ್’ಗೆ ಕಳಿಸಿ. ಗ್ರಹದ ಸುತ್ತಿನ ಅವಧಿಯ ಲೆಕ್ಕದಲ್ಲಿ ಒಂದು ಸೆಕೆಂಡು ತಪ್ಪಿದ್ದರೆ 500 ಸುತ್ತಿಗೆ 8 ನಿಮಿಷ ದಾಟುತ್ತದೆ. ದೊಡ್ಡ ದೂರದರ್ಶಕದ ದುಬಾರಿ ಸಮಯ ಪೋಲಾಗದಂತೆ ಆ ವೇಳಾಪಟ್ಟಿ ತಿದ್ದುವುದು ನಿಮ್ಮಂಥವರ ಅಳತೆಯೇ.

ಪ್ರಶ್ನೆ: ಮಂಗಳನಲ್ಲಿ 1976ರಲ್ಲೇ ಜೀವ ಸಿಕ್ಕಿತ್ತಂತೆ, ನಿಜವೇ?

ಉತ್ತರ: ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಫಲಿತಾಂಶ. ವೈಕಿಂಗ್ ನೌಕೆಗಳು ಮಂಗಳನ ಮಣ್ಣಿಗೆ ವಿಕಿರಣಶೀಲ ಇಂಗಾಲ ಬೆರೆಸಿದ ಪೋಷಕ ದ್ರವ ಹನಿಸಿದವು. ವಿಕಿರಣಶೀಲ ಅನಿಲ ಹೊರಬಂತು. ಜೀವಿಗಳಿದ್ದರೆ ಸಾಯಲೆಂದು 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಮಣ್ಣಿನಿಂದ ಬರಲಿಲ್ಲ. ಇಲ್ಲಿಗೆ ಜೀವದ ಲಕ್ಷಣವೇ. ಆದರೆ ಇನ್ನೊಂದು ಉಪಕರಣ ಮಣ್ಣನ್ನು ಸುಟ್ಟು ನೋಡಿದರೆ ಜೀವಕ್ಕೆ ಬೇಕಾದ ಸಾವಯವ ವಸ್ತುವೇ ಸಿಗಲಿಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿ ಪರ್ಕ್ಲೋರೇಟ್ ಲವಣ ಕಂಡಿತು. ಕಾಯಿಸಿದರೆ ಅದು ಸಾವಯವವನ್ನು ಸುಟ್ಟುಹಾಕುತ್ತದೆ. ಹುಡುಕುವ ಕ್ರಮವೇ ಸಾಕ್ಷಿಯನ್ನು ನುಂಗಿರಬಹುದು.

ಪ್ರಶ್ನೆ: ರೇಡಿಯೊ ಸಂಕೇತ ಅನ್ಯಲೋಕದ್ದೋ ನಮ್ಮದೋ ಎಂದು ತಿಳಿಯುವುದು ಹೇಗೆ?

ಉತ್ತರ: ದೂರದರ್ಶಕವನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಆಗಲೂ ಸಂಕೇತ ಬರುತ್ತಿದ್ದರೆ ಅದು ಇಲ್ಲಿಯದೇ. ಆದರೂ ಏಮಾರಿದ್ದುಂಟು. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ವರ್ಷಗಟ್ಟಲೆ ಕಾಡಿದ ವಿಚಿತ್ರ ಮಿಡಿತಗಳ ಮೂಲ 2015ರಲ್ಲಿ ಗೊತ್ತಾಯಿತು: ಟೈಮರ್ ಮುಗಿಯುವ ಮೊದಲೇ ಯಾರೋ ಮೈಕ್ರೋವೇವ್ ಓವನ್ನಿನ ಬಾಗಿಲು ತೆಗೆಯುತ್ತಿದ್ದರು.