ಲಿನಕ್ಸ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಸೇರಿಸಿದರೆ ಸ್ಪೀಡ್ ಡಬಲ್ ಆಗುತ್ತಾ?

ಎರಡು ಗಿಗಾಬಿಟ್ ಕಾರ್ಡ್ ಸೇರಿಸಿ ಫೈಲ್ ಕಾಪಿ ಸ್ಪೀಡ್ ಡಬಲ್ ಮಾಡಬೇಕು, ಬಾಂಡಿಂಗ್‌ನಲ್ಲಿ (ಅಂದರೆ ಹಲವು ಕಾರ್ಡ್‌ಗಳನ್ನು ಒಂದೇ ಕಾರ್ಡಿನಂತೆ ಸೇರಿಸುವುದರಲ್ಲಿ) ಯಾವ ಮೋಡ್ ಹಾಕಲಿ ಅಂತ ಕೇಳಿದ್ದೀರಿ. ಅಯ್ಯೋ, ಇದೇ ಆಸೆಗೆ ಬಿದ್ದು ನಾನು ಒಂದು ಮದುವೆಯ ಬಾಕಿ ದುಡ್ಡು ಕಳೆದುಕೊಂಡೆ.

ಮಂಡ್ಯದಲ್ಲಿ ನಮ್ಮದು ಸಣ್ಣ ಸ್ಟುಡಿಯೋ. ಮದುವೆ ಫೋಟೋ, ವಿಡಿಯೋ. ಶೂಟ್ ಮಾಡಿದ್ದೆಲ್ಲ ಒಂದು ಲಿನಕ್ಸ್ ಸರ್ವರ್‌ನಲ್ಲಿ, ಎಡಿಟಿಂಗಿಗೆ ಮೂರು ಕಂಪ್ಯೂಟರ್. ಒಬ್ಬರೇ ಕೂತಾಗ ಸೆಕೆಂಡಿಗೆ 110 ಎಂಬಿ ಬರುತ್ತಿತ್ತು. ಮೂವರೂ ಕೂತರೆ ಅದನ್ನೇ ಹಂಚಿಕೊಳ್ಳಬೇಕು, ವಿಡಿಯೋ ತಡವರಿಸುತ್ತಿತ್ತು. ಸರ್ವರ್‌ಗೆ ಎರಡನೇ ಕಾರ್ಡ್ ಹಾಕಿದೆ. ಕಂಪ್ಯೂಟರ್‌ಗಳ ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್, ಅದೂ ಸೆಟ್ಟಿಂಗ್ ಮಾಡಬಹುದಾದದ್ದು, ತಂದೆ. ಮೋಡ್ 4, ಅಂದರೆ ಸ್ವಿಚ್ ಜೊತೆ ಮಾತಾಡಿಕೊಂಡು ಎರಡೂ ಕೇಬಲ್ ಬಳಸುವ 802.3ಎಡಿ ಇಟ್ಟೆ. ಎರಡೂ ಲಿಂಕ್ ಅಪ್. ಆದರೂ ಮೂವರಿಗೂ ಸೇರಿ ಅದೇ 110!

ಕೇಬಲ್ ಬದಲಾಯಿಸಿದೆ. ಕಾರ್ಡ್ ಬದಲಾಯಿಸಿದೆ. ಅಂಗಡಿಯವನ ಜೊತೆ ಜಗಳವೂ ಆಯಿತು, ಪಾಪ, ಅವನದೇನೂ ತಪ್ಪಿರಲಿಲ್ಲ. ಈ ಗಲಾಟೆಯಲ್ಲಿ ಎರಡು ರಾತ್ರಿ ಹೋದವು. ಬೀಗರೂಟದ ದಿನ ಪರದೆ ಮೇಲೆ ಹಾಕಬೇಕಿದ್ದ ವಿಡಿಯೋ ಮುಗಿಯಲಿಲ್ಲ. ಹುಡುಗಿ ಮನೆಯವರು ಬಾಕಿ ಕೊಡಲೇ ಇಲ್ಲ.

ತಪ್ಪು ಇದ್ದದ್ದು ಮೋಡ್‌ನಲ್ಲಿ ಅಲ್ಲ, ಹ್ಯಾಶ್ ಪಾಲಿಸಿಯಲ್ಲಿ, ಅಂದರೆ ಯಾವ ಡೇಟಾ ಯಾವ ಕೇಬಲ್‌ಗೆ ಅಂತ ಹಂಚುವ ನಿಯಮದಲ್ಲಿ. ಅದನ್ನು ನಾನು ಮುಟ್ಟೇ ಇರಲಿಲ್ಲ. ಮುಟ್ಟದಿದ್ದರೆ ಅದು ಲೇಯರ್2 ಆಗಿರುತ್ತದೆ. ಪ್ಯಾಕೆಟ್, ಅಂದರೆ ಡೇಟಾದ ಒಂದೊಂದು ತುಂಡು, ಯಾವ ಕೇಬಲ್‌ನಲ್ಲಿ ಹೋಗಬೇಕು ಅನ್ನುವುದನ್ನು ಎರಡೂ ಕಡೆಯ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ನೋಡಿ ತೀರ್ಮಾನಿಸುತ್ತದೆ. ಅದೂ ಪೂರ್ತಿ ಅಡ್ರೆಸ್ ಅಲ್ಲ, ಕೊನೆಯ ಬೈಟ್ ಮಾತ್ರ. ಅವನ್ನು ಎಕ್ಸ್‌ಆರ್ ಮಾಡಿ (ಬಿಟ್‌ಗಳನ್ನು ಒಂದೊಂದಾಗಿ ಹೋಲಿಸುವ ಲೆಕ್ಕ), ಕಾರ್ಡ್ ಎಷ್ಟಿವೆಯೋ ಅಷ್ಟರಿಂದ ಭಾಗಿಸಿ, ಶೇಷ ನೋಡುತ್ತದೆ. ಕಾರ್ಡ್ ಎರಡೇ ಆದರೆ ಶೇಷ ಸೊನ್ನೆ, ಇಲ್ಲವೇ ಒಂದು. ಸರ್ವರ್ ಅಡ್ರೆಸ್ ಬದಲಾಗುವುದಿಲ್ಲ. ಹಾಗಾಗಿ ಆ ಕಡೆಯ ಕಂಪ್ಯೂಟರಿನ ಕೊನೆಯ ಅಂಕಿ ಸಮವೋ ಬೆಸವೋ, ಅಷ್ಟೇ ಲೆಕ್ಕ. ನಮ್ಮ ಮೂರರದ್ದು 4, ಎ, ಇ. ಈ ಅಡ್ರೆಸ್ ಬರೆಯುವ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ಎ ಅಂದರೆ 10, ಇ ಅಂದರೆ 14. ಮೂರೂ ಸಮ!

ಕಬ್ಬಿನ ಸೀಸನ್‌ನಲ್ಲಿ ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರ್ ಸಾಲು ನೋಡಿದ್ದೀರಲ್ಲ? ಎರಡು ವೇಬ್ರಿಡ್ಜ್ ಇಟ್ಟು, ಸಮ ನಂಬರಿನ ಗಾಡಿ ಇಲ್ಲಿ, ಬೆಸ ನಂಬರಿನದು ಅಲ್ಲಿ ಅಂತ ಬೋರ್ಡ್ ಹಾಕಿದ್ದಾರೆ ಅಂದುಕೊಳ್ಳಿ. ಬಂದ ಗಾಡಿಗಳೆಲ್ಲ ಸಮ ನಂಬರಿನವೇ ಆದರೆ ಎರಡನೇ ವೇಬ್ರಿಡ್ಜಿನವನು ಟೀ ಕುಡಿಯುತ್ತಾ ಕೂರಬೇಕು. ನನ್ನ ಎರಡನೇ ಕಾರ್ಡ್ ಹಾಗೇ ಕೂತಿತ್ತು.

ಪಾಲಿಸಿಯನ್ನು ಲೇಯರ್3+4 ಮಾಡಿದ ಮೇಲೆ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ), ಪೋರ್ಟ್ ನಂಬರ್ (ಅದರೊಳಗೆ ಒಂದೊಂದು ಕನೆಕ್ಷನ್ನಿನ ಬಾಗಿಲು) ಲೆಕ್ಕಕ್ಕೆ ಬಂದು ಎರಡೂ ಕೇಬಲ್‌ನಲ್ಲಿ ಡೇಟಾ ಓಡಿತು. ಅದೂ ಸರ್ವರ್‌ನಿಂದ ಹೊರಗೆ ಹೋಗುವುದಕ್ಕೆ ಮಾತ್ರ. ಒಳಗೆ ಬರುವುದನ್ನು ಹಂಚುವುದು ಸ್ವಿಚ್.

ನಿಮ್ಮದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಂದೇ ದೊಡ್ಡ ಫೈಲ್ ಅಲ್ವಾ? ಹಾಗಾದರೆ ಬಾಂಡಿಂಗ್ ಬೇಡವೇ ಬೇಡ. ಮೋಡ್ 4ರಲ್ಲಿ ಯಾವ ಪಾಲಿಸಿ ಹಾಕಿದರೂ ಒಂದು ಟಿಸಿಪಿ ಕನೆಕ್ಷನ್ (ಫೈಲ್ ಕಾಪಿ ಸಾಮಾನ್ಯವಾಗಿ ಓಡುವುದು ಇದರ ಮೇಲೆ) ಒಂದೇ ಕೇಬಲ್ ಹಿಡಿಯುತ್ತದೆ. ಒಂದು ಟ್ರ್ಯಾಕ್ಟರ್ ಎರಡು ವೇಬ್ರಿಡ್ಜ್ ಹತ್ತುವುದಿಲ್ಲ. ಮೋಡ್ 0 ಹಾಕಿ ಅಂತ ಹೇಳುವವರು ಸಿಗುತ್ತಾರೆ. ಅದು ಪ್ಯಾಕೆಟ್‌ಗಳನ್ನು ಸರದಿಯಂತೆ ಎರಡಕ್ಕೂ ಹಂಚುತ್ತದೆ, ನಿಜ. ಆದರೆ ಅವು ಹಿಂದುಮುಂದಾಗಿ ತಲುಪಿದರೆ ಟಿಸಿಪಿ ಕಳಿಸಿದ್ದನ್ನೇ ಮತ್ತೆ ಕಳಿಸುತ್ತದೆ. ಸುಮ್ನೆ ಎರಡೂ ಕಡೆ 2.5 ಗಿಗಾಬಿಟ್ ಕಾರ್ಡ್ ತಗೊಳ್ಳಿ. ಕ್ಯಾಟ್5ಇ ಕೇಬಲ್ ಇದ್ದರೆ ಅದೇ ಸಾಕು. ನಡುವೆ ಸ್ವಿಚ್ ಇದ್ದರೆ ಅದೂ 2.5ರದ್ದೇ ಆಗಬೇಕು. ಅದಕ್ಕೂ ಮೊದಲು ಡಿಸ್ಕ್ ಎಷ್ಟು ಸ್ಪೀಡ್ ಕೊಡುತ್ತದೆ ನೋಡಿ, ಹಳೇ ಹಾರ್ಡ್‌ಡಿಸ್ಕ್ ಆದರೆ ನೆಟ್‌ವರ್ಕಿಗಿಂತ ಮೊದಲು ಅದೇ ಸುಸ್ತಾಗುತ್ತದೆ.

ನಾವೂ ಕೊನೆಗೆ 2.5ಕ್ಕೇ ಹೋದೆವು. ಬಾಂಡ್ ಇನ್ನೂ ಇದೆ, ಆದರೆ ಮೋಡ್ 1ರಲ್ಲಿ. ಒಂದು ಕೇಬಲ್ ಹೋದರೆ ಇನ್ನೊಂದು. ಹೋದ ಮಳೆಗಾಲದಲ್ಲಿ ಇಲಿ ಒಂದನ್ನು ಕಡಿದು ಹಾಕಿತ್ತು. ನಮಗೆ ಗೊತ್ತಾದದ್ದು ಆಯುಧಪೂಜೆಗೆ ಮೇಜು ಸರಿಸಿದಾಗ.