ಹಳೆಯ ಕೊಟ್ಟಿಗೆಗಳನ್ನು ಚಿತ್ರಿಸುವ ಬಗ್ಗೆ

ಅಮೆರಿಕದ ಹಳೆಯ ಮರದ ಕೊಟ್ಟಿಗೆಗಳನ್ನು ಚಿತ್ರಿಸುವಾಗ, ಮರೆಯಾಗುತ್ತಿರುವ ಹಳ್ಳಿಬದುಕಿನ ಹಂಬಲವು ಬರಿಯ ಭಾವುಕತೆಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಹಂಬಲವನ್ನು ಅಡಗಿಸಬೇಕಾಗಿಲ್ಲ, ಆ ಕಟ್ಟಡ ಮಾಡುತ್ತಿದ್ದ ಕೆಲಸವನ್ನು ಅರಿತು ಚಿತ್ರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದ ಚಿತ್ರಕಾರ ಎರಿಕ್ ಸ್ಲೋನ್ (1905–1985) ಇದಕ್ಕೆ ಒಳ್ಳೆಯ ನಿದರ್ಶನ. ಅವರು ಕೊಟ್ಟಿಗೆಗಳ ಚಿತ್ರ ಬರೆದದ್ದಲ್ಲದೆ, ಅವುಗಳನ್ನು ಕಟ್ಟಿದವರ ಕೈ ಉಪಕರಣಗಳನ್ನೂ ಸಂಗ್ರಹಿಸಿದರು. ಆ ಸಂಗ್ರಹ ಇಂದು ಕನೆಕ್ಟಿಕಟ್ ರಾಜ್ಯದ ಕೆಂಟ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಹೊರಗಿನ ನೋಟಕ್ಕಿಂತ ಮೊದಲು ಒಳಗೆ ಕುಳಿತು ರೇಖಾಚಿತ್ರ ಬರೆಯಿರಿ. ಕೊಡಲಿಯಿಂದ ಚೌಕ ಮಾಡಿದ ತೊಲೆಗಳ ಮೇಲಿನ ಏಟಿನ ಗುರುತು, ಒಂದು ತೊಲೆಯ ತುದಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ ಮರದ ಗೂಟದಿಂದ ಬಿಗಿದ ಜೋಡಣೆ, ಬಿಡಿ ಹುಲ್ಲನ್ನು ಪೇರಿಸಲೆಂದೇ ಅಷ್ಟು ಎತ್ತರಕ್ಕೆ ಏರಿದ ಮಾಡು, ಇವೆಲ್ಲ ಅಲ್ಲಿ ದುಡಿದವರ ಬದುಕನ್ನು ನೇರವಾಗಿ ಹೇಳುತ್ತವೆ. ಹುಲ್ಲನ್ನು ಯಂತ್ರಗಳು ಬಿಗಿಯಾದ ಕಟ್ಟುಗಳನ್ನಾಗಿ ಮಾಡತೊಡಗಿದ ಮೇಲೆ ಆ ಎತ್ತರದ ಅಟ್ಟಕ್ಕೆ ಮೊದಲಿನ ಅಗತ್ಯ ಉಳಿಯಲಿಲ್ಲ. ದೊಡ್ಡ ಟ್ರ್ಯಾಕ್ಟರುಗಳಿಗೆ ಹಳೆಯ ಬಾಗಿಲುಗಳು ಸಾಲಲಿಲ್ಲ. ಲೋಹದ ಶೆಡ್ಡುಗಳು ಬಂದವು. ಬಳಕೆ ತಪ್ಪಿದ ಕಟ್ಟಡದ ಮಾಡನ್ನು ಯಾರೂ ದುರಸ್ತಿ ಮಾಡದಿದ್ದಾಗ ನೀರು ಇಳಿದು ಜೋಡಣೆಗಳು ಕೊಳೆಯುತ್ತವೆ, ಮಾಡಿನ ನೆತ್ತಿಯ ಗೆರೆ ಬಾಗಿ ಕುಸಿಯುತ್ತದೆ. ಆ ಬಾಗು ಎಲ್ಲಿಂದ ಶುರುವಾಯಿತು ಎಂದು ತಿಳಿದು ಬರೆದರೆ ನೋಡುವವರಿಗೆ ನಷ್ಟದ ಅರಿವಾಗುತ್ತದೆ.

ಬಣ್ಣದ ಬಗ್ಗೆಯೂ ಒಂದು ಮಾತು. ಅಲ್ಲಿನ ಸಾಂಪ್ರದಾಯಿಕ ಕೆಂಪು, ಕಬ್ಬಿಣದ ಆಕ್ಸೈಡ್ ಇರುವ ಕೆಮ್ಮಣ್ಣನ್ನು ಅಗಸೆ ಎಣ್ಣೆಯಲ್ಲಿ ಕಲಸಿದ್ದು. ಆದ್ದರಿಂದ ಉಜ್ಜ್ವಲ ಕೆಂಪನ್ನು ಬಿಟ್ಟು ಮಣ್ಣಿನ ವರ್ಣಗಳನ್ನೇ ಬಳಸಿ, ಹಲಗೆ ಬೂದಿಬಣ್ಣಕ್ಕೆ ತಿರುಗಿದ ಕಡೆ ಅದನ್ನು ಹಾಗೆಯೇ ಉಳಿಸಿರಿ.