ಹಾಕಿ ಗೆಳೆಯರ ಗುಂಪಿನಲ್ಲಿ ‘ರಾಜಕೀಯ ಬೇಡ’ ಎಂಬ ನಿಯಮ ಮಾಡಬೇಕೇ?

ಚಿಕ್ಕಮಗಳೂರಿನ ನಿಮ್ಮ ಹಾಕಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಬಿಹಾರದ ರಾಜ್‌ಗಿರ್‌ನಲ್ಲಿ ನಡೆದ ಹಾಕಿ ಏಷ್ಯಾ ಕಪ್‌ನ ನಂತರ ಪಾಕಿಸ್ತಾನದ ವಿಷಯ ತೆಗೆದು ಬಿಡದೆ ವಾದ ಮಾಡುತ್ತಿದ್ದಾರೆ, ಅವರನ್ನು ಗುಂಪಿನಿಂದ ತೆಗೆಯಬೇಕೇ ಅಥವಾ ‘ಇಲ್ಲಿ ಹಾಕಿ ಮಾತ್ರ’ ಎಂಬ ನಿಯಮ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ಆ ನಿಯಮವನ್ನು ಹಾಸನದಲ್ಲಿ ನಾನು ಮಾಡಿದ್ದೆ. ಅದರ ದೆಸೆಯಿಂದ ನನ್ನ ಅತ್ಯಂತ ಹಳೆಯ ಗೆಳೆಯನನ್ನು ದೂರ ಮಾಡಿಕೊಂಡೆ.

ನಾವೆಲ್ಲ ಹಾಸನದ ಕಾಲೇಜಿನಲ್ಲಿ ಮಣ್ಣಿನ ಮೈದಾನದ ಮೇಲೆ ಒಟ್ಟಿಗೆ ಆಡಿದವರು. ನಾನು ಈಗ ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಆ ಗೆಳೆಯ ನಮ್ಮ ತಂಡದಲ್ಲಿ ಗೋಲು ಕಾಯುವ ರಕ್ಷಣೆಯ ಸಾಲಿನ ಫುಲ್ ಬ್ಯಾಕ್ ಆಗಿದ್ದ, ಈಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಂಡದ ಸ್ಟಿಕ್‌ಗಳ ರಿಪೇರಿಯೆಲ್ಲ ಅವನದೇ ಆಗಿತ್ತು. ಬಿರುಕಿನೊಳಗೆ ಬೆಂಕಿಕಡ್ಡಿಯ ತುದಿಯಿಂದ ಅಂಟು ತುಂಬಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿಯಾಗಿ ಸುತ್ತಿ, ರಾತ್ರಿಯಿಡೀ ಚಪ್ಪಡಿ ಕಲ್ಲಿನ ಅಡಿಯಲ್ಲಿ ಇಟ್ಟು, ಬೆಳಿಗ್ಗೆ ಅದನ್ನು ನೆಲಕ್ಕೆ ಕುಟ್ಟಿ ಸದ್ದು ಕೇಳಿದ ಮೇಲೆಯೇ ನಮ್ಮ ಕೈಗೆ ಕೊಡುತ್ತಿದ್ದ. ಹೊಸ ಸ್ಟಿಕ್ ಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗೆ ಇರಲಿಲ್ಲವಾದ್ದರಿಂದ, ನಾವು ಆಟ ಬಿಡದೆ ಉಳಿದದ್ದರಲ್ಲಿ ಅವನ ಪಾಲು ದೊಡ್ಡದು.

ಹಾಸನದಲ್ಲಿ ಹಾಕಿ ಪ್ರೇಮಿಯಾಗಿರುವುದೆಂದರೆ ಕೊಡಗಿನ ಕಡೆಗೆ ಮುಖ ಮಾಡಿ ಬದುಕುವುದು. ಭಾರತ ತಂಡದಲ್ಲಿ ಆಡಿದ ಎಸ್. ವಿ. ಸುನಿಲ್ ಅವರ ಸೋಮವಾರಪೇಟೆ ನಮಗೆ ದೂರದ ಊರಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ನಾವು ಆಲೂರು, ಕೊಡ್ಲಿಪೇಟೆ, ಶನಿವಾರಸಂತೆಯ ದಾರಿಯಲ್ಲಿ ಬೈಕುಗಳಲ್ಲಿ ಹೋಗುವುದು ವಾಡಿಕೆ. ಉಳಿದ ದಿನಗಳಲ್ಲಿ ಚಹಾದಂಗಡಿಯ ಟಿವಿಯಲ್ಲಿ ಕ್ರಿಕೆಟ್ ಬರುತ್ತಿದ್ದರೆ, ನಾವು ಅದೇ ಅಂಗಡಿಯ ಮೂಲೆಯಲ್ಲಿ ಒಂದೇ ಮೊಬೈಲಿನ ಮೇಲೆ ಬಗ್ಗಿ ಹಾಕಿ ಪಂದ್ಯ ನೋಡುತ್ತಿದ್ದೆವು. ನಮ್ಮ ವಾಟ್ಸ್‌ಆ್ಯಪ್ ಗುಂಪು ಹುಟ್ಟಿದ್ದು ಹಾಗೆಯೇ, ಪಂದ್ಯದ ಸಮಯ ತಿಳಿಸುವುದಕ್ಕಾಗಿ.

2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲೂ ಪಕ್ಷದ ಜಗಳವಿತ್ತು. ಗುಂಪಿನೊಳಗೂ ಬೈಗುಳ ಬೆಳೆದಾಗ, ಅಡ್ಮಿನ್ ಆಗಿದ್ದ ನಾನು ‘ಇಲ್ಲಿ ಹಾಕಿ ಮಾತ್ರ’ ಎಂದು ಬರೆದೆ. ಎಲ್ಲರೂ ಒಪ್ಪಿದರು, ಆ ಗೆಳೆಯನೂ ಒಪ್ಪಿದ. ನಿಯಮ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಉದ್ದೇಶವೂ ಒಳ್ಳೆಯದೇ ಎಂದು ನಿಮ್ಮ ಪ್ರಶ್ನೆಯಿಂದ ತಿಳಿಯುತ್ತದೆ.

2021ರ ಆಗಸ್ಟ್ 5ರ ಬೆಳಿಗ್ಗೆ ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ನಮ್ಮ ಪುರುಷರ ತಂಡ 1-3ರ ಹಿನ್ನಡೆಯಿಂದ ಎದ್ದು ಜರ್ಮನಿಯನ್ನು 5-4ರಿಂದ ಸೋಲಿಸಿತು. ಕೊನೆಯ ಕ್ಷಣಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿ, ನಮ್ಮ ಗೋಲ್‌ಕೀಪರ್ ಶ್ರೀಜೇಶ್ ಅದನ್ನು ತಡೆದಾಗ ನಾನು ಅಂಗಡಿಯ ಕೌಂಟರ್ ಹಿಡಿದುಕೊಂಡು ನಿಂತಲ್ಲೇ ಅತ್ತೆ. 1980ರ ಮಾಸ್ಕೋ ಚಿನ್ನದ ನಂತರ ಒಲಿಂಪಿಕ್ಸ್‌ನಲ್ಲಿ ಹಾಕಿಯ ಪದಕ ಬಂದದ್ದು ಅಂದೇ. ಗುಂಪಿನಲ್ಲಿ ಅಭಿನಂದನೆಗಳ ಸುರಿಮಳೆಯಾಗುತ್ತಿದ್ದಾಗ ಆ ಗೆಳೆಯ ಒಂದು ಸುದ್ದಿಯ ಕೊಂಡಿಯನ್ನು ಹಾಕಿದ. ಹಿಂದಿನ ದಿನ ಮಹಿಳಾ ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಸೋತ ಮೇಲೆ, ಹರಿದ್ವಾರದ ಹತ್ತಿರದ ರೋಶನಾಬಾದಿನಲ್ಲಿ ಕೆಲವರು ಆ ತಂಡದ ಆಟಗಾರ್ತಿ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಪಟಾಕಿ ಸಿಡಿಸಿ, ಜಾತಿಯ ಹೆಸರು ಹಿಡಿದು ಕುಟುಂಬವನ್ನು ನಿಂದಿಸಿದ್ದರು. ಕುಟುಂಬ ಪೊಲೀಸರಿಗೆ ದೂರು ಕೊಟ್ಟಿತ್ತು. ‘ನಾಳೆ ಇವರು ನಮಗಾಗಿ ಆಡಬೇಕು, ಸಂತೋಷದ ನಡುವೆ ಇದನ್ನೂ ಓದಿ’ ಎಂದಷ್ಟೇ ಅವನು ಬರೆದಿದ್ದ. ನಾನು ಸುದ್ದಿಯನ್ನು ತೆರೆದು ಸಹ ನೋಡದೆ, ‘ಇವತ್ತು ಇದೆಲ್ಲ ಬೇಡಪ್ಪ, ಇಲ್ಲಿ ಹಾಕಿ ಮಾತ್ರ’ ಎಂದು ಉತ್ತರಿಸಿದೆ. ಉಳಿದವರು ಹೆಬ್ಬೆರಳೆತ್ತಿದ ಚಿತ್ರಗಳನ್ನು ಹಾಕಿ ನನ್ನನ್ನು ಬೆಂಬಲಿಸಿದರು.

ಮರುದಿನ ಬೆಳಿಗ್ಗೆ ಕಂಚಿಗಾಗಿ ಗ್ರೇಟ್ ಬ್ರಿಟನ್ ವಿರುದ್ಧ ಮಹಿಳೆಯರ ಪಂದ್ಯ ನಡೆಯಿತು. 0-2ರಿಂದ ಹಿಂದೆ ಬಿದ್ದಿದ್ದ ನಮ್ಮವರು 3-2ರ ಮುನ್ನಡೆಗೆ ಬಂದದ್ದು ವಂದನಾ ಅವರ ಗೋಲಿನಿಂದ. ‘ವಂದನಾ, ಭೇಷ್!’ ಎಂದು ಗುಂಪಿನಲ್ಲಿ ಮೊದಲು ಬರೆದವನು ನಾನೇ. ಪಂದ್ಯ 3-4ರಿಂದ ಕೈತಪ್ಪಿತು. ಅದೇ ದಿನ ಮಧ್ಯಾಹ್ನ ರಾಜೀವ್ ಗಾಂಧಿ ಖೇಲ್ ರತ್ನ ಪ್ರಶಸ್ತಿಗೆ ಮೇಜರ್ ಧ್ಯಾನ್‌ಚಂದ್ ಅವರ ಹೆಸರಿಡುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು. ನಾನು ಆ ಸುದ್ದಿಯನ್ನು ಗುಂಪಿಗೆ ಹಾಕಿ, ಸರ್ಕಾರವನ್ನು ಅಭಿನಂದಿಸಿ ನಾಲ್ಕು ಮಾತು ಬರೆದೆ. ಸಂಜೆಯ ಹೊತ್ತಿಗೆ ಗೆಳೆಯ ಒಂದು ಮಾತೂ ಹೇಳದೆ ಗುಂಪು ಬಿಟ್ಟಿದ್ದ.

ನನ್ನ ತಪ್ಪು ಯಾವುದೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೇ ಅದು ಬಹಳ ಕಾಲ ಸರಿಯಾಗಿ ಕಾಣಲಿಲ್ಲ. ಸಂತೋಷದ ದಿನ ಕಹಿ ಸುದ್ದಿಯನ್ನು ತಡೆದದ್ದು ತಪ್ಪಾಯಿತು ಎಂದು ಮೊದಲು ಅಂದುಕೊಂಡಿದ್ದೆ. ಅದು ಸಣ್ಣ ತಪ್ಪು. ದೊಡ್ಡ ತಪ್ಪೆಂದರೆ, ಅವನು ಹಾಕಿದ್ದನ್ನು ರಾಜಕೀಯವೆಂದೂ ನಾನು ಹಾಕಿದ್ದನ್ನು ಹಾಕಿಯೆಂದೂ ನಾನೇ ತೀರ್ಮಾನಿಸಿದ್ದು. ಒಬ್ಬ ಪ್ರಧಾನಿಯ ಹೆಸರನ್ನು ಪ್ರಶಸ್ತಿಯಿಂದ ತೆಗೆದು ಇನ್ನೊಂದು ಹೆಸರಿಡುವುದು ಸರ್ಕಾರದ ರಾಜಕೀಯ ತೀರ್ಮಾನ. ಧ್ಯಾನ್‌ಚಂದ್ ಅವರಿಗೆ ಆ ಗೌರವ ಸಂದದ್ದು ನನಗೆ ಇಂದಿಗೂ ಸಂತೋಷವೇ, ಆದರೆ ಅದು ರಾಜಕೀಯವಲ್ಲ ಎನ್ನಲು ಸಾಧ್ಯವಿಲ್ಲ. ವಂದನಾ ಅವರ ಮನೆಯ ಮುಂದೆ ನಡೆದದ್ದಾದರೋ ಹಾಕಿ ಪಂದ್ಯವೊಂದರ ಸೋಲಿನ ನೆಪದಲ್ಲಿ, ಹಾಕಿ ಆಟಗಾರ್ತಿಯೊಬ್ಬರ ಕುಟುಂಬದ ಮೇಲೆ ನಡೆದ ದೌರ್ಜನ್ಯ. ನಾಯಕಿ ರಾಣಿ ರಾಂಪಾಲ್ ಅವರೇ ಅದನ್ನು ಬಹಿರಂಗವಾಗಿ ಖಂಡಿಸಿದರು. ಆ ಹೆಣ್ಣುಮಗಳ ಗೋಲು ನನಗೆ ಬೇಕಾಗಿತ್ತು, ಅವರ ಮನೆಗೆ ಆದ ಅವಮಾನದ ಸುದ್ದಿ ಬೇಡವಾಗಿತ್ತು. ನಿಯಮವನ್ನು ನಾನು ಮುರಿಯಲಿಲ್ಲ ಎಂದು ನಂಬಿಕೊಂಡೇ ಅದನ್ನು ನನ್ನ ಇಷ್ಟಾನಿಷ್ಟಗಳ ಕಾವಲಿಗೆ ಬಳಸಿಕೊಂಡಿದ್ದೆ.

ಇದನ್ನು ಇನ್ನೂ ಭಾರವಾಗಿಸುವ ಸಂಗತಿಯೊಂದಿದೆ. ಕಾಲೇಜಿನ ದಿನಗಳಲ್ಲಿ ಒಂದು ಊರಿನ ಪಂದ್ಯಾವಳಿಗೆ ಹೋದಾಗ, ಊಟಕ್ಕೆ ಕೂರಿಸುವ ಮೊದಲು ಅತಿಥೇಯರೊಬ್ಬರು ಅವನೊಬ್ಬನನ್ನೇ ‘ನೀವು ಯಾವ ಪೈಕಿ?’ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಹೊರಗಿನ ಜಗಲಿ ತೋರಿಸಿದ್ದರು. ಅಂದು ನಾವೆಲ್ಲ ಎಲೆಯ ಮುಂದಿನಿಂದ ಎದ್ದು ಅವನ ಜೊತೆ ಹೊರಗೆ ಬಂದಿದ್ದೆವು. ಅಂದು ಜಾತಿಯ ವಿಷಯ ಹಾಕಿಯ ವಿಷಯವಲ್ಲ ಎಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಅದನ್ನು ಬಲ್ಲ ನಾನೇ ಇಪ್ಪತ್ತು ವರ್ಷಗಳ ಮೇಲೆ ಅವನಿಗೆ ಹಾಗೆ ಹೇಳಿದ್ದೆ.

ಆಮೇಲೆ ಅವನು ನನ್ನ ಅಂಗಡಿಯ ಮುಂದೆ ಹಾದುಹೋದರೂ ಒಳಗೆ ಬರುತ್ತಿರಲಿಲ್ಲ. ಫೋನ್ ಮಾಡಿದರೆ ಕೆಲಸದ ಮಾತಿನಲ್ಲೇ ಮುಗಿಸುತ್ತಿದ್ದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ರಕ್ಷಣಾ ಆಟಗಾರ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರಬಿದ್ದ ಮೇಲೆ ಹತ್ತೇ ಜನ ಆಡಿ ಗ್ರೇಟ್ ಬ್ರಿಟನ್ ಎದುರು ಶೂಟೌಟ್‌ವರೆಗೆ ಹೋರಾಡಿ ಗೆದ್ದ ಪಂದ್ಯವನ್ನು, ರಕ್ಷಣೆಯ ಆಟ ಬಲ್ಲ ಅವನಿಲ್ಲದೆ ನೋಡಿದ್ದು ನನಗೆ ನಿಜವಾದ ನಷ್ಟ. ಯಾವ ಆಟಗಾರ ಯಾವ ಜಾಗ ತುಂಬಿದ ಎಂದು ಬಿಡಿಸಿ ಹೇಳುವವರು ನಮ್ಮಲ್ಲಿ ಬೇರೆ ಯಾರೂ ಇಲ್ಲ. ಆಲೂರಿನ ಒಂದು ಮದುವೆಯಲ್ಲಿ ಅವನನ್ನು ಬದಿಗೆ ಕರೆದು ಕ್ಷಮೆ ಕೇಳಿದೆ. ‘ಮೊದಲ ದಿನದ ಮಾತು ಬಿಡು, ಎರಡನೆಯ ದಿನ ನೀನು ಹಾಕಿದೆಯಲ್ಲ, ಆಗ ನನಗೆ ಅರ್ಥವಾಯಿತು’ ಎಂದ. ಈಗ ಮಾತುಕತೆ ಇದೆ. ಗುಂಪಿಗೆ ಅವನು ಮರಳಿಲ್ಲ, ಬಾ ಎಂದು ಒತ್ತಾಯಿಸುವ ಹಕ್ಕು ನನಗಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹಾಕಿಯನ್ನು ಒಂದು ಕಡೆ, ದೇಶದ ಆಗುಹೋಗುಗಳನ್ನು ಇನ್ನೊಂದು ಕಡೆ ಇಡಬಹುದೆಂದು ನೀವು ಭಾವಿಸಿದ್ದೀರಿ. 1975ರಲ್ಲಿ ವಿಶ್ವಕಪ್ ಗೆದ್ದ ದೇಶ, ಒಲಿಂಪಿಕ್ಸ್‌ಗೆ ಕೃತಕ ಹುಲ್ಲುಹಾಸು ಬಂದ 1976ರ ಮಾಂಟ್ರಿಯಲ್‌ನಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಅಂತಹ ಮೈದಾನಗಳನ್ನು ಎಲ್ಲಿ, ಯಾರ ಹಣದಿಂದ ಹಾಸಬೇಕು ಎಂಬುದು ಅಂದಿನಿಂದಲೂ ಸರ್ಕಾರಗಳ ಆದ್ಯತೆಯ ಪ್ರಶ್ನೆಯೇ ಆಗಿದೆ. 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವವನ್ನು ಒಡಿಶಾ ಸರ್ಕಾರ ಹೊತ್ತಿದೆ. ಇಷ್ಟೊಂದು ಆಟಗಾರರನ್ನು ಕೊಟ್ಟ ಕೊಡಗು ನಮ್ಮ ರಾಜ್ಯದಲ್ಲಿದ್ದೂ ಆ ಕೆಲಸವನ್ನು ಬೇರೊಂದು ರಾಜ್ಯ ಏಕೆ ಮಾಡಿತು ಎಂದು ಕೇಳಿದರೆ ಅದು ರಾಜಕೀಯದ ಪ್ರಶ್ನೆಯೇ, ಹಾಕಿಯ ಪ್ರಶ್ನೆಯೂ ಹೌದು. 2026ರ ಗ್ಲ್ಯಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಹಾಕಿಯನ್ನು ಕೈಬಿಟ್ಟದ್ದು ಖರ್ಚಿನ ಲೆಕ್ಕಾಚಾರದಿಂದ. ಇವನ್ನೆಲ್ಲ ಬಿಟ್ಟರೆ ಗುಂಪಿನಲ್ಲಿ ಗೋಲುಗಳ ವಿಡಿಯೋ ಮಾತ್ರ ಉಳಿಯುತ್ತದೆ, ಅದಕ್ಕೆ ಗೆಳೆಯರು ಬೇಕಾಗಿಲ್ಲ.

ನಿಮ್ಮ ಗೆಳೆಯರನ್ನು ತೆಗೆಯಬೇಡಿ, ನಿಯಮವನ್ನೂ ಮಾಡಬೇಡಿ. ಬೈಗುಳವನ್ನು ತಡೆಯಿರಿ, ಅದು ಯಾರ ಬಾಯಿಂದ ಬಂದರೂ ಸರಿ. ಸುದ್ದಿ ಹಾಕುವವರು ದಿನಾಂಕ ಸಮೇತ ಪೂರ್ತಿ ಸುದ್ದಿ ಹಾಕಲಿ ಎಂದು ಕೇಳಿ, ಏಕೆಂದರೆ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರೆಬರೆ ಮಾಹಿತಿಯಿಂದ ಹುಟ್ಟುವಂಥವು. ನಿಮ್ಮ ಆ ಗೆಳೆಯರಿಗೆ ಉತ್ತರವನ್ನು ಬರೆಯುವ ಬದಲು ಮನೆಗೆ ಹೋಗಿ ಹೇಳಿ. ಚಿಕ್ಕಮಗಳೂರು ಅಷ್ಟೇನೂ ದೊಡ್ಡ ಊರಲ್ಲ.

ಪಾಕಿಸ್ತಾನದ ವಿಷಯವನ್ನೇ ನೋಡಿ. ಪಹಲ್ಗಾಮ್ ದಾಳಿ ಮತ್ತು ನಂತರದ ಸಂಘರ್ಷದ ಬಳಿಕ, ಆ ದೇಶದೊಡನೆ ದ್ವಿಪಕ್ಷೀಯ ಸರಣಿ ಇಲ್ಲ, ಬಹುರಾಷ್ಟ್ರೀಯ ಪಂದ್ಯಾವಳಿಗೆ ತಡೆಯಿಲ್ಲ ಎಂಬುದು ನಮ್ಮ ಸರ್ಕಾರದ ನಿಲುವಾಯಿತು. 2025ರ ರಾಜ್‌ಗಿರ್ ಏಷ್ಯಾ ಕಪ್‌ಗೆ ಭದ್ರತೆಯ ಕಾರಣ ಹೇಳಿ ಬಾರದೆ ಉಳಿದದ್ದು ಪಾಕಿಸ್ತಾನದವರೇ, ಅವರ ಸ್ಥಾನದಲ್ಲಿ ಬಾಂಗ್ಲಾದೇಶ ಆಡಿತು. ಸೆಪ್ಟೆಂಬರಿನಲ್ಲಿ ನಮ್ಮ ಕ್ರಿಕೆಟಿಗರು ಪಾಕಿಸ್ತಾನದವರ ಕೈಕುಲುಕಲಿಲ್ಲ. ಅಕ್ಟೋಬರಿನಲ್ಲಿ ಮಲೇಷ್ಯಾದ ಜೋಹರ್ ಕಪ್‌ನಲ್ಲಿ ನಮ್ಮ ಕಿರಿಯ ಹಾಕಿ ಹುಡುಗರು ಪಾಕಿಸ್ತಾನದ ಹುಡುಗರ ಅಂಗೈಗೆ ಅಂಗೈ ತಟ್ಟಿ 3-3ರ ಸಮಬಲದ ಪಂದ್ಯ ಆಡಿದರು. ಎದುರಾಳಿಯ ಕೈ ಮುಟ್ಟಿ ಆಟ ಆರಂಭಿಸಿದ ಆ ಹುಡುಗರ ದೇಶಪ್ರೇಮವನ್ನು ಯಾರೂ ಪ್ರಶ್ನಿಸಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಿಮ್ಮ ಗೆಳೆಯರದು ಬೇರೆ ಇರಬಹುದು, ಅದನ್ನು ಪೂರ್ತಿ ಕೇಳಿಸಿಕೊಳ್ಳಿ.

ಪಾಕಿಸ್ತಾನ ಇಲ್ಲದ ಏಷ್ಯಾ ಕಪ್‌ಗೆ ಬೆಲೆಯಿಲ್ಲ ಎಂಬುದು ಅವರ ವಾದವಾದರೆ, ಅಲ್ಲಿ ಮಾತ್ರ ಬಿಟ್ಟುಕೊಡಬೇಡಿ. ಫೈನಲ್‌ನಲ್ಲಿ ನಮ್ಮವರು 4-1ರಿಂದ ಸೋಲಿಸಿದ್ದು ಹಿಂದಿನ ಚಾಂಪಿಯನ್ ಕೊರಿಯಾವನ್ನು, 2026ರ ವಿಶ್ವಕಪ್‌ಗೆ ನೇರ ಅರ್ಹತೆ ಸಿಕ್ಕಿದ್ದೂ ಆ ಗೆಲುವಿನಿಂದಲೇ.